ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಹಾನಾ ಗ್ರೇ: ಇಲ್ಲವೆನ್ನುವ ಹೊಣೆಯ ಹದಿನೈದು ವರ್ಷ

ಮಾನ್ಯರೆ,

ವಿಷಯಕ್ಕೆ ಬರುವ ಮೊದಲು ಒಂದು ಪದದ ಗೊಂದಲವನ್ನು ಬಿಡಿಸಿಕೊಳ್ಳುತ್ತೇನೆ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ‘ಪ್ರೆಸಿಡೆಂಟ್’ ಎಂದರೆ ನಮ್ಮ ಕುಲಾಧಿಪತಿಗಳಂತೆ ಘಟಿಕೋತ್ಸವದ ದಿನ ಗೌನು ತೊಟ್ಟು ವೇದಿಕೆಯ ನಡುವೆ ಕೂರುವವರಲ್ಲ. ನಮ್ಮಲ್ಲಿ ಕುಲಪತಿ ಮಾಡುವ ದಿನನಿತ್ಯದ ಆಡಳಿತವೆಲ್ಲ ಅವರದೇ. ಅದರ ಮೇಲೆ ನಮ್ಮ ಕುಲಪತಿಗಳಿಗೆ ಅಷ್ಟಾಗಿ ಇಲ್ಲದ ಇನ್ನೊಂದು ಹೊರೆಯೂ ಇದೆ: ಹಣ ಎತ್ತಬೇಕು. ಖಾಸಗಿ ವಿಶ್ವವಿದ್ಯಾಲಯವಾದರೆ ಸರ್ಕಾರದ ವಾರ್ಷಿಕ ಅನುದಾನದಿಂದ ಸಂಬಳ ಕೊಡುವ ವ್ಯವಸ್ಥೆ ಅಲ್ಲಿಲ್ಲ. ವಿದ್ಯಾರ್ಥಿಗಳ ಶುಲ್ಕ, ದತ್ತಿನಿಧಿಯ ಆದಾಯ, ದಾನಿಗಳ ಕೊಡುಗೆ, ಸಂಶೋಧನೆಗೆಂದು ಬರುವ ಅನುದಾನ, ಇವಿಷ್ಟರಲ್ಲಿ ಸಂಸಾರ ತೂಗಬೇಕು. ಈ ಮಾತನ್ನು ಮೊದಲೇ ಹೇಳಲು ಕಾರಣವಿದೆ. ನಾನು ಇಂದು ಮಾತನಾಡಬೇಕೆಂದಿರುವ ಹಾನಾ ಹೋಲ್ಬೋರ್ನ್ ಗ್ರೇ ಅವರ ಅಧಿಕಾರಾವಧಿಯ ಒಳಗುಟ್ಟು ಈ ಸಂಸಾರ ತೂಗಿಸುವ ಕೆಲಸದಲ್ಲಿಯೇ ಇದೆ ಎಂದು ನಾನು ನಂಬಿದ್ದೇನೆ. ಅವರನ್ನು ಕುರಿತು ಎಲ್ಲರೂ ಮೊದಲು ಹೇಳುವ ‘ಮೊದಲ ಮಹಿಳೆ’ ಎಂಬ ಮಾತಿನಲ್ಲಿ ಅದು ಸಿಗುವುದಿಲ್ಲ.

ಆ ಮಾತನ್ನೇ ಸ್ವಲ್ಪ ತೂಗಿ ನೋಡೋಣ. 1978ರ ಜುಲೈ 1ರಂದು ಷಿಕಾಗೊ ವಿಶ್ವವಿದ್ಯಾಲಯದ ಹತ್ತನೆಯ ಅಧ್ಯಕ್ಷರಾಗಿ ಅವರು ಅಧಿಕಾರ ವಹಿಸಿಕೊಂಡಾಗ, ಅಮೆರಿಕದ ದೊಡ್ಡ ಸಂಶೋಧನಾ ವಿಶ್ವವಿದ್ಯಾಲಯವೊಂದರ ಪೂರ್ಣಾವಧಿ ಅಧ್ಯಕ್ಷ ಸ್ಥಾನಕ್ಕೆ ಬಂದ ಮೊದಲ ಮಹಿಳೆ ಇವರೇ ಎಂದು ಬರೆಯಲಾಯಿತು; ಇಂದಿಗೂ ಹಾಗೆಯೇ ಬರೆಯುತ್ತಾರೆ. ಆದರೆ ಅದೇ ಹೊತ್ತಿಗೆ ಆಸ್ಟಿನ್ ನಗರದ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಲೊರೀನ್ ರಾಜರ್ಸ್ ಎಂಬ ಜೀವರಸಾಯನ ವಿಜ್ಞಾನಿ ಅಧ್ಯಕ್ಷರಾಗಿದ್ದರು. ಅವರು 1974ರಲ್ಲಿ ಹಂಗಾಮಿಯಾಗಿ ಬಂದು, 1975ರಲ್ಲಿ ಕಾಯಂ ಆಗಿ, 1979ರವರೆಗೆ ಆ ಹುದ್ದೆಯಲ್ಲಿದ್ದರು. ಅದು ಸಾರ್ವಜನಿಕ ವಿಶ್ವವಿದ್ಯಾಲಯ, ಷಿಕಾಗೊ ಖಾಸಗಿಯದು ಎಂದು ಬೇಕಾದರೆ ಗೆರೆ ಎಳೆಯಬಹುದು. ಇನ್ನು ಮಹಿಳಾ ಕಾಲೇಜುಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಹತ್ತೊಂಬತ್ತನೆಯ ಶತಮಾನಕ್ಕೇ ಹೋಗಬೇಕಾಗುತ್ತದೆ. ‘ಮೊದಲು’ ಎಂಬ ಪದಕ್ಕೆ ಎಷ್ಟು ವಿಶೇಷಣಗಳನ್ನು ಸೇರಿಸುತ್ತೇವೆ ಎನ್ನುವುದರ ಮೇಲೆ ಯಾರು ಮೊದಲಿಗರು ಎನ್ನುವುದು ನಿಂತಿರುತ್ತದೆ. ಗ್ರೇ ಸ್ವತಃ ಇತಿಹಾಸಕಾರ್ತಿ. ಇಂಥ ಬಿರುದುಗಳ ಬೆಲೆ ಎಷ್ಟೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವರು ಹುಟ್ಟಿದ್ದು 1930ರ ಅಕ್ಟೋಬರ್‌ನಲ್ಲಿ, ಜರ್ಮನಿಯ ಹೈಡೆಲ್‌ಬರ್ಗ್ ನಗರದಲ್ಲಿ. ತಂದೆ ಹಾಯೋ ಹೋಲ್ಬೋರ್ನ್ ಹೆಸರಾದ ಇತಿಹಾಸಕಾರರು. ತಾಯಿ ಆನೆಮರೀ ಬೆಟ್‌ಮನ್ ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳಲ್ಲಿ ಡಾಕ್ಟರೇಟ್ ಪಡೆದಿದ್ದವರು, ಯಹೂದಿ ಮನೆತನದವರು. 1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದ ಮೇಲೆ ಆ ಕುಟುಂಬಕ್ಕೆ ಜರ್ಮನಿಯಲ್ಲಿ ನೆಲೆ ಉಳಿಯಲಿಲ್ಲ. ತಂದೆಗೆ ಯೇಲ್ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕಿದ್ದರಿಂದ ಹಾನಾ ಬೆಳೆದದ್ದು ನ್ಯೂ ಹೇವನ್ ಊರಿನಲ್ಲಿ, ಅವರಂತೆಯೇ ದೇಶ ಬಿಟ್ಟು ಬಂದ ಜರ್ಮನ್ ವಿದ್ವಾಂಸರ ಒಡನಾಟದಲ್ಲಿ. ಜರ್ಮನಿಯ ವಿಶ್ವವಿದ್ಯಾಲಯಗಳು ಜಗತ್ತಿಗೇ ಮಾದರಿ ಎನಿಸಿಕೊಂಡಿದ್ದವು. ಅವು ಕೆಲವೇ ತಿಂಗಳುಗಳಲ್ಲಿ ಅಧಿಕಾರಕ್ಕೆ ತಲೆಬಾಗಿ, ತಮ್ಮವರೇ ಆದ ಪ್ರಾಧ್ಯಾಪಕರನ್ನು ಹೊರಗೆ ಹಾಕಿದವು. ಇದು ಆ ಮನೆಗಳಲ್ಲಿ ಬೆಳೆದವರಿಗೆ ಪುಸ್ತಕದಿಂದ ತಿಳಿದ ಸಂಗತಿಯಾಗಿರಲಿಲ್ಲ, ಊಟದ ಹೊತ್ತಿನ ಮಾತಾಗಿತ್ತು. ಮುಂದೆ ವಿಶ್ವವಿದ್ಯಾಲಯವು ರಾಜಕೀಯದಿಂದ ದೂರ ನಿಲ್ಲಬೇಕೆಂದು ಗ್ರೇ ಹಟ ಹಿಡಿದಾಗ ಅವರ ಟೀಕಾಕಾರರು ಅದನ್ನು ಬರಿಯ ಆಡಳಿತಗಾರರ ಎಚ್ಚರಿಕೆ ಎಂದುಕೊಂಡರು. ಅದರ ಬೇರು ಇನ್ನೂ ಹಿಂದೆ, ಈ ಬಾಲ್ಯದಲ್ಲಿ ಇದ್ದಿರಬೇಕು ಎಂದು ನನಗೆ ತೋರುತ್ತದೆ.

ಹತ್ತೊಂಬತ್ತು ವರ್ಷ ತುಂಬಿ ಇಪ್ಪತ್ತಾಗುವ ಮೊದಲೇ, 1950ರಲ್ಲಿ, ಪೆನ್ಸಿಲ್ವೇನಿಯದ ಬ್ರಿನ್ ಮಾರ್ ಕಾಲೇಜಿನಿಂದ ಅವರು ಪದವಿ ಪಡೆದರು. ಅದು ಮಹಿಳೆಯರ ಕಾಲೇಜು, 1885ರಲ್ಲಿ ಆರಂಭವಾದದ್ದು, ಮೊದಲಿನಿಂದಲೂ ಹೆಣ್ಣುಮಕ್ಕಳಿಗೆ ಡಾಕ್ಟರೇಟ್‌ವರೆಗಿನ ಓದನ್ನು ಒದಗಿಸಿದ್ದು. ಅಲ್ಲಿನ ಅಧ್ಯಕ್ಷರು ಕ್ಯಾಥರೀನ್ ಮೆಕ್‌ಬ್ರೈಡ್. ಅವರಿಗಿಂತ ಹಿಂದಿನವರೂ, ಅವರಿಗಿಂತಲೂ ಹಿಂದಿನವರೂ ಮಹಿಳೆಯರೇ. ಹೆಂಗಸೊಬ್ಬಳು ವಿದ್ಯಾಸಂಸ್ಥೆಯೊಂದನ್ನು ನಡೆಸುವುದು ಅಚ್ಚರಿಯ ವಿಷಯವೆಂದು ಆ ಕಾಲೇಜಿನಲ್ಲಿ ಓದಿದವರಿಗೆ ಅನಿಸಲು ಸಾಧ್ಯವಿರಲಿಲ್ಲ. ಅಚ್ಚರಿ ಕಾದಿದ್ದದ್ದು ಹೊರಗಿನ ಲೋಕದಲ್ಲಿ. ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡ್‌ಗೆ ಹೋಗಿ ಬಂದು ಹಾರ್ವರ್ಡ್ ಸೇರಿದರು. ಆ ವಿಶ್ವವಿದ್ಯಾಲಯದ ಕಲೆ ಮತ್ತು ವಿಜ್ಞಾನಗಳ ನಿಕಾಯವು ತನ್ನ ಮೊದಲ ಕಾಯಂ ಪ್ರಾಧ್ಯಾಪಕಿಯನ್ನು ನೇಮಿಸಿಕೊಂಡದ್ದು 1948ರಲ್ಲಿ. ಅವರು ಮಧ್ಯಯುಗದ ಇಂಗ್ಲೆಂಡಿನ ಇತಿಹಾಸ ಬಲ್ಲ ಹೆಲೆನ್ ಮಾಡ್ ಕ್ಯಾಮ್. ಪದವಿ ವಿದ್ಯಾರ್ಥಿಗಳಿಗೆಂದು ಕಟ್ಟಿದ್ದ ಲ್ಯಾಮಂಟ್ ಗ್ರಂಥಾಲಯದೊಳಗೆ 1967ರವರೆಗೂ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಗ್ರೇ 1957ರಲ್ಲಿ ಡಾಕ್ಟರೇಟ್ ಪಡೆದು ಅಲ್ಲಿಯೇ ಪಾಠ ಮಾಡತೊಡಗಿದರು. ಅಷ್ಟರಲ್ಲಿ, 1954ರಲ್ಲಿ, ಇಂಗ್ಲಿಷ್ ಕಾನೂನಿನ ಇತಿಹಾಸವನ್ನು ಅಭ್ಯಾಸ ಮಾಡುತ್ತಿದ್ದ ಚಾರ್ಲ್ಸ್ ಗ್ರೇ ಅವರೊಂದಿಗೆ ಮದುವೆಯಾಗಿತ್ತು.

1960ರಲ್ಲಿ ಚಾರ್ಲ್ಸ್ ಅವರಿಗೆ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕಿತು. ಹಾನಾ ಹಾರ್ವರ್ಡಿನ ಸಹಾಯಕ ಪ್ರಾಧ್ಯಾಪಕ ಹುದ್ದೆಯನ್ನು ಬಿಟ್ಟು ಗಂಡನ ಜೊತೆ ಹೊರಟರು. ಒಂದು ವರ್ಷ ನ್ಯೂಬೆರಿ ಗ್ರಂಥಾಲಯದಲ್ಲಿ ಸಂಶೋಧನೆ ಮಾಡಿದ ಮೇಲೆ ಅದೇ ವಿಶ್ವವಿದ್ಯಾಲಯದ ಇತಿಹಾಸ ವಿಭಾಗ ಅವರನ್ನೂ ಸೇರಿಸಿಕೊಂಡಿತು. ಗಂಡ ಹೆಂಡತಿ ಇಬ್ಬರಿಗೂ ಒಂದೇ ಕಡೆ ಕೆಲಸ ಕೊಡಬಾರದೆಂಬ ನಿಯಮ ಆಗ ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳಲ್ಲಿ ಇತ್ತು. ಸ್ವಜನಪಕ್ಷಪಾತ ತಡೆಯುವ ಹೆಸರಿನ ಆ ನಿಯಮದಿಂದ ಕೆಲಸ ಕಳೆದುಕೊಂಡವರು ಬಹುಮಟ್ಟಿಗೆ ಹೆಂಡತಿಯರೇ. ಷಿಕಾಗೊ ಆ ವಿಷಯದಲ್ಲಿ ಉದಾರವಾಗಿದ್ದದ್ದರಿಂದ ಗ್ರೇ ಉಳಿದುಕೊಂಡರು, 1964ರಲ್ಲಿ ಅವರ ಹುದ್ದೆ ಕಾಯಂ ಆಯಿತು. ಗಂಡ ಹೆಂಡತಿ ಕೂಡಿ 1965ರಿಂದ 1970ರವರೆಗೆ ಆಧುನಿಕ ಯುರೋಪಿನ ಇತಿಹಾಸಕ್ಕೆ ಮೀಸಲಾದ ಹೆಸರಾಂತ ಪತ್ರಿಕೆಯೊಂದನ್ನು ಸಂಪಾದಿಸಿದರು.

ಷಿಕಾಗೊದ ಉದಾರತೆಗೂ ತನ್ನದೇ ಒಂದು ಇತಿಹಾಸವಿದೆ, ಅದರಲ್ಲಿ ಒಂದು ಕಪ್ಪು ಪುಟವೂ ಇದೆ. 1892ರಲ್ಲಿ ಬಾಗಿಲು ತೆರೆದ ದಿನದಿಂದಲೂ ಆ ವಿಶ್ವವಿದ್ಯಾಲಯ ಹೆಣ್ಣುಮಕ್ಕಳನ್ನು ಸೇರಿಸಿಕೊಂಡಿತ್ತು. ವೆಲ್ಸ್‌ಲಿ ಕಾಲೇಜಿನ ಅಧ್ಯಕ್ಷರಾಗಿದ್ದ ಆಲಿಸ್ ಫ್ರೀಮನ್ ಪಾಮರ್ ಅವರನ್ನು ಮಹಿಳಾ ಡೀನ್ ಆಗಿ ಕರೆಸಿಕೊಂಡಿತ್ತು. ಹತ್ತು ವರ್ಷ ಕಳೆಯುವುದರೊಳಗೆ ಹೆಣ್ಣುಮಕ್ಕಳ ಸಂಖ್ಯೆ ಅರ್ಧವನ್ನು ದಾಟಿತು. ಆಗ, 1902ರಲ್ಲಿ, ಮೊದಲ ಅಧ್ಯಕ್ಷ ವಿಲಿಯಂ ರೈನಿ ಹಾರ್ಪರ್ ಅವರ ಆಡಳಿತ ಮೊದಲೆರಡು ವರ್ಷಗಳ ತರಗತಿಗಳಲ್ಲಿ ಗಂಡು ಹೆಣ್ಣುಗಳನ್ನು ಬೇರೆ ಬೇರೆ ಕೂರಿಸುವ ತೀರ್ಮಾನ ಮಾಡಿತು. ಪ್ರಾಧ್ಯಾಪಕರಲ್ಲಿ ಅನೇಕರು ವಿರೋಧಿಸಿದರು. ಏರ್ಪಾಡು ಹೆಚ್ಚು ಕಾಲ ನಡೆಯಲಿಲ್ಲ. ಆದರೂ ಬಾಗಿಲು ತೆರೆದಿಡುವುದು ಬೇರೆ, ಒಳಗೆ ಬಂದವರ ಸಂಖ್ಯೆ ಕಂಡು ಗಾಬರಿಯಾಗದಿರುವುದು ಬೇರೆ ಎನ್ನುವುದಕ್ಕೆ ಇದು ಒಳ್ಳೆಯ ನಿದರ್ಶನ. ಆ ಘಟನೆಗೂ ಗ್ರೇ ಅಧ್ಯಕ್ಷರಾದದ್ದಕ್ಕೂ ನಡುವೆ 76 ವರ್ಷಗಳ ಅಂತರವಿದೆ.

ಇಲ್ಲಿ ಅವರ ವಿದ್ವತ್ತಿನ ಬಗ್ಗೆ ಒಂದೆರಡು ಮಾತು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಆಡಳಿತಗಾರರಾಗಿ ಹೆಸರು ಮಾಡಿದ ವಿದ್ವಾಂಸರ ವಿದ್ವತ್ತನ್ನು ಪರಿಚಯ ಪತ್ರದ ಒಂದು ಸಾಲಿಗೆ ಇಳಿಸುವುದು ನಮ್ಮಲ್ಲಿಯೂ ರೂಢಿ. ಗ್ರೇ ಅವರ ಕ್ಷೇತ್ರ ಇಟಲಿಯ ಪುನರುಜ್ಜೀವನ ಕಾಲದ ಮಾನವತಾವಾದ, ಅಂದರೆ ಪ್ರಾಚೀನ ಗ್ರೀಕ್ ಮತ್ತು ಲ್ಯಾಟಿನ್ ಗ್ರಂಥಗಳ ಓದಿಗೆ ಮತ್ತೆ ಜೀವ ತುಂಬಿದ ಪಂಡಿತರ ಪರಂಪರೆ. ಆ ಕಾಲದ ಪಂಡಿತರನ್ನು ಒಟ್ಟುಗೂಡಿಸಿದ್ದು ಯಾವುದೋ ಒಂದು ತತ್ತ್ವಸಿದ್ಧಾಂತವಲ್ಲ, ವಾಗ್ಮಿತೆಯ ಬೆನ್ನುಹತ್ತುವಿಕೆ ಎಂದು ಅವರು 1963ರ ಒಂದು ಪ್ರಬಂಧದಲ್ಲಿ ವಾದಿಸಿದರು. ವಾಗ್ಮಿತೆ ಎಂದರೆ ಮಾತಿನ ಬೆಡಗು ಎಂದಲ್ಲ. ತಿಳಿವಳಿಕೆಯನ್ನು ಕೇಳುವವರ ಬದುಕಿನಲ್ಲಿ ಕೆಲಸ ಮಾಡುವಂತೆ ಹೇಳಬಲ್ಲ ಶಕ್ತಿ ಎಂದು. ಅವರು ಆಳವಾಗಿ ಓದಿದ ಲೊರೆಂಜೊ ವಾಲ್ಲಾ ಎಂಬ ಪಂಡಿತ 1440ರಲ್ಲಿ ಒಂದು ಸಾಹಸ ಮಾಡಿದ್ದ. ಕಾನ್‌ಸ್ಟಂಟೈನ್ ಚಕ್ರವರ್ತಿ ಪಶ್ಚಿಮದ ಸಾಮ್ರಾಜ್ಯವನ್ನು ಪೋಪರಿಗೆ ದಾನ ಮಾಡಿದನೆಂದು ಸಾರುವ ಪ್ರಾಚೀನ ದಾನಪತ್ರವೊಂದನ್ನು ತೆಗೆದುಕೊಂಡು, ಅದರ ಲ್ಯಾಟಿನ್ ಪದಗಳು ಆ ಚಕ್ರವರ್ತಿಯ ಕಾಲದವೇ ಅಲ್ಲ, ಆದ್ದರಿಂದ ಅದು ನಕಲಿ ಎಂದು ತೋರಿಸಿಕೊಟ್ಟಿದ್ದ. ಪದಗಳನ್ನು ಹಾಗೆ ತೂಗಿ ನೋಡುವ ಶಿಸ್ತಿನಲ್ಲಿ ಪಳಗಿದವರ ಕೈಗೆ ಒಂದು ವಿವಾದದ ಕಡತ ಬಂದರೆ ಅವರು ಅದನ್ನು ಹೇಗೆ ಓದುತ್ತಾರೆ?

ಅಂಥ ಕಡತ ಬಂದದ್ದು 1969ರಲ್ಲಿ. ಸಮಾಜಶಾಸ್ತ್ರ ವಿಭಾಗದಲ್ಲಿ ಸಹಾಯಕ ಪ್ರಾಧ್ಯಾಪಕರಾಗಿದ್ದ, ಎಡಪಂಥೀಯ ಚಿಂತನೆಗೆ ಹೆಸರಾಗಿದ್ದ ಮರ್ಲೀನ್ ಡಿಕ್ಸನ್ ಅವರ ನೇಮಕವನ್ನು ಮುಂದುವರಿಸದಿರಲು ತೀರ್ಮಾನವಾಯಿತು. ಆಕೆ ಹೆಣ್ಣು, ಆಕೆಯ ರಾಜಕೀಯ ನಿಲುವು ಬೇರೆ, ಕಾರಣ ಅದೇ ಎಂದು ವಿದ್ಯಾರ್ಥಿಗಳು ಆಡಳಿತ ಕಟ್ಟಡದೊಳಗೆ ನುಗ್ಗಿ ಧರಣಿ ಕುಳಿತರು. ಜನವರಿ ಕೊನೆಯಿಂದ ಫೆಬ್ರವರಿ ನಡುವಿನವರೆಗೆ, ಎರಡು ವಾರಕ್ಕೂ ಹೆಚ್ಚು ಕಾಲ, ಆ ಕಟ್ಟಡ ಅವರ ವಶದಲ್ಲಿತ್ತು. ಅಧ್ಯಕ್ಷ ಎಡ್ವರ್ಡ್ ಲೆವಿ ಪೊಲೀಸರನ್ನು ಕರೆಸಲಿಲ್ಲ. ಹಿಂದಿನ ವರ್ಷವಷ್ಟೇ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಪೊಲೀಸರು ಒಳಹೊಕ್ಕ ಪರಿಣಾಮ ಏನಾಯಿತೆಂದು ಎಲ್ಲರೂ ಕಂಡಿದ್ದರು. ಡಿಕ್ಸನ್ ಪ್ರಕರಣವನ್ನು ಮರುಪರಿಶೀಲಿಸಲು ರಚಿಸಿದ ಸಮಿತಿಗೆ ಗ್ರೇ ಅಧ್ಯಕ್ಷರಾದರು. ಸಮಿತಿಯ ವರದಿ ಯಾರನ್ನೂ ಪೂರ್ತಿ ಸಂತೋಷಪಡಿಸಲಿಲ್ಲ. ಸಮಾಜಶಾಸ್ತ್ರ ವಿಭಾಗದ ತೀರ್ಮಾನವನ್ನು ಅದು ಒಪ್ಪಿತು. ಆದರೆ ಡಿಕ್ಸನ್ ಅವರು ಪಾಠ ಮಾಡುತ್ತಿದ್ದ ಇನ್ನೊಂದು ಘಟಕದಲ್ಲಿ ಅವರಿಗೆ ಒಂದು ವರ್ಷದ ನೇಮಕ ಕೊಡಬೇಕೆಂದು ಹೇಳಿತು. ಡಿಕ್ಸನ್ ಅದನ್ನು ನಿರಾಕರಿಸಿದರು. ಧರಣಿ ಮುಗಿದ ಮೇಲೆ ವಿಶ್ವವಿದ್ಯಾಲಯ ನಲವತ್ತಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಹೊರಗೆ ಹಾಕಿತು, ಇನ್ನೂ ಹಲವರನ್ನು ಅಮಾನತಿನಲ್ಲಿಟ್ಟಿತು. ಪೊಲೀಸರಿಲ್ಲದ ಮೃದುತ್ವ ಒಂದು ಕಡೆ, ಈ ಕಾಠಿಣ್ಯ ಇನ್ನೊಂದು ಕಡೆ. ಗ್ರೇ ಅವರನ್ನು ಆಡಳಿತಗಾರರಾಗಿ ಹೊರಗಿನ ಜಗತ್ತು ಗುರುತಿಸಿದ್ದು ಈ ವರದಿಯಿಂದ. ಗದ್ದಲದ ನಡುವೆ ಕುಳಿತು ಕಡತ ಓದಬಲ್ಲವರು ಆ ವರ್ಷಗಳಲ್ಲಿ ಅಪರೂಪವಾಗಿದ್ದರು.

ಆ ಮುಂದಿನ ಏರಿಕೆ ಬೇಗ ಬೇಗ ನಡೆಯಿತು. 1971ರಲ್ಲಿ ಯೇಲ್ ವಿಶ್ವವಿದ್ಯಾಲಯದ ಆಡಳಿತ ಮಂಡಳಿಗೆ ಮೊದಲ ಬಾರಿಗೆ ಇಬ್ಬರು ಮಹಿಳೆಯರು ಬಂದರು. ಒಬ್ಬರು ಗ್ರೇ, ಇನ್ನೊಬ್ಬರು ನಾಗರಿಕ ಹಕ್ಕುಗಳ ವಕೀಲೆ ಮರಿಯನ್ ರೈಟ್ ಎಡೆಲ್‌ಮನ್. 1972ರಲ್ಲಿ ಗ್ರೇ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಕಲೆ ಮತ್ತು ವಿಜ್ಞಾನಗಳ ಡೀನ್ ಆದರು. 1974ರಲ್ಲಿ ಯೇಲ್ ಅವರನ್ನು ಪ್ರೊವೋಸ್ಟ್ ಆಗಿ ಕರೆಯಿತು. ಪ್ರೊವೋಸ್ಟ್ ಎಂದರೆ ಅಧ್ಯಕ್ಷರ ಕೆಳಗಿನ ಎರಡನೆಯ ಸ್ಥಾನ. ಬೋಧನೆ, ನೇಮಕ, ಆಯವ್ಯಯಗಳೆಲ್ಲ ಅವರ ಮೇಜಿನ ಮೇಲೆಯೇ ಬಂದು ಬೀಳುತ್ತವೆ. ಆಗ ತೈಲದ ಬೆಲೆ ಏರಿ, ಹಣದುಬ್ಬರ ಹೆಚ್ಚಿ, ಶೇರು ಪೇಟೆ ಕುಸಿದು, ಯೇಲ್‌ನಂಥ ಸಿರಿವಂತ ಸಂಸ್ಥೆಯೂ ಕೊರತೆಯಲ್ಲಿತ್ತು. ಖರ್ಚು ಕಡಿತದ ಕತ್ತರಿ ಹಿಡಿದವರು ಯಾವ ಊರಿನಲ್ಲಿಯೂ ಜನಪ್ರಿಯರಾಗುವುದಿಲ್ಲ. 1977ರಲ್ಲಿ ಅಧ್ಯಕ್ಷ ಕಿಂಗ್‌ಮನ್ ಬ್ರೂಸ್ಟರ್ ಬ್ರಿಟನ್ನಿಗೆ ರಾಯಭಾರಿಯಾಗಿ ಹೋದಾಗ ಗ್ರೇ ಹಂಗಾಮಿ ಅಧ್ಯಕ್ಷರಾದರು. ಅದೇ ವರ್ಷ ಊಟದ ಮನೆಗಳ ಮತ್ತು ನಿರ್ವಹಣೆಯ ಕೆಲಸಗಾರರು ಹಲವು ವಾರಗಳ ಮುಷ್ಕರ ಹೂಡಿದರು. ಕಾಯಂ ಅಧ್ಯಕ್ಷ ಸ್ಥಾನಕ್ಕೆ ಯೇಲ್ ಕೊನೆಗೆ ಆರಿಸಿದ್ದು ಅದೇ ಪುನರುಜ್ಜೀವನ ಕಾಲದ ಸಾಹಿತ್ಯ ಬಲ್ಲ ಇನ್ನೊಬ್ಬ ವಿದ್ವಾಂಸ, ಬಾರ್ಟ್‌ಲೆಟ್ ಜಿಯಾಮಾಟಿ ಅವರನ್ನು. ಆ ಚಳಿಗಾಲದಲ್ಲಿಯೇ ಷಿಕಾಗೊ ಗ್ರೇ ಅವರನ್ನು ಆರಿಸಿಕೊಂಡಿತ್ತು. ಯೇಲ್‌ಗೆ ಕಾಯಂ ಮಹಿಳಾ ಅಧ್ಯಕ್ಷರು ಬಂದದ್ದು 2024ರಲ್ಲಿ. ಆ ನಡುವಿನ 46 ವರ್ಷಗಳ ಬಗ್ಗೆ ನಾನು ವ್ಯಾಖ್ಯಾನ ಮಾಡಲು ಹೋಗುವುದಿಲ್ಲ. ಷಿಕಾಗೊದ ಬಗ್ಗೆಯೂ ಒಂದು ಮಾತು ಇಲ್ಲಿಯೇ ಹೇಳಿಬಿಡಬೇಕು: ಗ್ರೇ ಅವರ ನಂತರ ಅಲ್ಲಿ ಅಧ್ಯಕ್ಷರಾದ ನಾಲ್ವರೂ ಪುರುಷರು.

1978ರಲ್ಲಿ ಅವರ ಕೈಗೆ ಬಂದ ಷಿಕಾಗೊ ವಿಶ್ವವಿದ್ಯಾಲಯ ಹೆಸರಿನಲ್ಲಿ ದೊಡ್ಡದು, ಕೈಯಲ್ಲಿ ಬಿಗಿ. ಪದವಿ ತರಗತಿಯ ವಿದ್ಯಾರ್ಥಿಗಳು ಅಲ್ಲಿ ಮೊದಲಿನಿಂದಲೂ ಕಡಿಮೆ, ಸಂಶೋಧನಾ ವಿದ್ಯಾರ್ಥಿಗಳು ಹೆಚ್ಚು. ಇದು ಅದರ ಹೆಮ್ಮೆಗೆ ಕಾರಣ. ಹಣಕಾಸಿನ ಇಕ್ಕಟ್ಟಿಗೂ ಅದೇ ಕಾರಣ. ಶುಲ್ಕ ಕಟ್ಟುವವರು ಪದವಿ ವಿದ್ಯಾರ್ಥಿಗಳು, ವಿದ್ಯಾರ್ಥಿವೇತನ ಪಡೆಯುವವರು ಸಂಶೋಧಕರು. ಮುಂದೆ ಶ್ರೀಮಂತರಾಗಿ ದಾನ ಕೊಡುವವರೂ ಬಹುಮಟ್ಟಿಗೆ ಪದವಿ ಕಾಲೇಜಿನ ಹಳೆಯ ವಿದ್ಯಾರ್ಥಿಗಳೇ. ಅದು ಸಾಲದೆಂಬಂತೆ ಎಪ್ಪತ್ತರ ದಶಕದಲ್ಲಿ ಮಾನವಿಕ ವಿಷಯಗಳಲ್ಲಿ ಡಾಕ್ಟರೇಟ್ ಪಡೆದವರಿಗೆ ದೇಶದಾದ್ಯಂತ ಕೆಲಸಗಳೇ ಇಲ್ಲವಾದವು. ಸಂಶೋಧನೆಗೆ ಬರುವವರ ಸಂಖ್ಯೆಯೂ ಇಳಿಯಿತು. ಗ್ರೇ ಅವರ ಮೊದಲ ವರ್ಷಗಳು ಆದಾಯಕ್ಕೆ ತಕ್ಕಂತೆ ಖರ್ಚನ್ನು ಇಳಿಸುವುದರಲ್ಲಿ ಕಳೆದವು. ಪದವಿ ಕಾಲೇಜನ್ನು ಎಚ್ಚರಿಕೆಯಿಂದ ದೊಡ್ಡದು ಮಾಡುವ ಕೆಲಸವೂ ಅವರ ಅವಧಿಯಲ್ಲಿ ನಡೆಯಿತು. ಅದರ ವಿರುದ್ಧ, ಅಪ್ಪಟ ಸಂಶೋಧನಾ ಸಂಸ್ಥೆಯ ಗುಣ ಕೆಡುತ್ತದೆಂಬ ಗೊಣಗಾಟ ಇದ್ದೇ ಇತ್ತು.

ಅವರು ಏನನ್ನು ಬೇಡವೆಂದರು ಎನ್ನುವುದನ್ನು ನೋಡಿದರೆ ಆ ಕಾಲದ ಬಿಕ್ಕಟ್ಟು ಅರ್ಥವಾಗುತ್ತದೆ. 1903ರಲ್ಲಿ ಆರಂಭವಾಗಿದ್ದ ಭೂಗೋಳಶಾಸ್ತ್ರ ವಿಭಾಗ ಅಮೆರಿಕದಲ್ಲಿಯೇ ಆ ವಿಷಯದ ಅತ್ಯಂತ ಹಳೆಯ ಸ್ನಾತಕೋತ್ತರ ವಿಭಾಗಗಳಲ್ಲಿ ಒಂದು. 1986ರಲ್ಲಿ ಅದು ವಿಭಾಗದ ಸ್ಥಾನ ಕಳೆದುಕೊಂಡು ಒಂದು ಚಿಕ್ಕ ಸಮಿತಿಯಾಯಿತು. ಗ್ರಂಥಾಲಯ ವಿಜ್ಞಾನಕ್ಕೆ ಡಾಕ್ಟರೇಟ್ ಮಟ್ಟದ ಸಂಶೋಧನೆಯ ಘನತೆ ತಂದುಕೊಟ್ಟ ಶಾಲೆ ಅಲ್ಲಿಯದೇ. ಆ ದಶಕದ ಕೊನೆಗೆ ಅದೂ ಮುಚ್ಚಿತು. ಕೆಲಸ ಕಳೆದುಕೊಂಡವರು, ಮುಚ್ಚಿದ ವಿಭಾಗದಲ್ಲಿ ಓದಿದವರು ಇದನ್ನು ಮರೆತಿಲ್ಲ, ಮರೆಯಬೇಕೆಂದು ಹೇಳುವ ಹಕ್ಕೂ ನಮಗಿಲ್ಲ. ಆದರೆ ಎಲ್ಲ ವಿಭಾಗಗಳಿಗೂ ಸಮನಾಗಿ ಶೇಕಡಾ ಇಷ್ಟು ಎಂದು ಕಡಿತ ಮಾಡಿ, ಎಲ್ಲವನ್ನೂ ಒಟ್ಟಿಗೆ ಸೊರಗಿಸುವ ಸುಲಭದ ದಾರಿಯೂ ಇತ್ತು. ನಮ್ಮ ವಿಶ್ವವಿದ್ಯಾಲಯಗಳು ಹೆಚ್ಚಾಗಿ ಹಿಡಿಯುವ ದಾರಿ ಅದು: ಯಾವುದನ್ನೂ ಮುಚ್ಚುವುದಿಲ್ಲ, ಖಾಲಿ ಹುದ್ದೆಗಳನ್ನು ತುಂಬುವುದೂ ಇಲ್ಲ. ಗ್ರೇ ಹಾಗೆ ಮಾಡದೆ ಆಯ್ಕೆ ಮಾಡಿದರು, ಆಯ್ಕೆಯ ಅಪಕೀರ್ತಿಯನ್ನು ಹೊತ್ತರು. ಇನ್ನೊಂದು ಕಡೆ ಅದೇ ಅವಧಿಯಲ್ಲಿ 1983ರಲ್ಲಿ ಕಂಪ್ಯೂಟರ್ ವಿಜ್ಞಾನದ ವಿಭಾಗ, 1984ರಲ್ಲಿ ಜಾನ್ ಕ್ರೆರಾರ್ ವಿಜ್ಞಾನ ಗ್ರಂಥಾಲಯದ ಹೊಸ ಕಟ್ಟಡ, 1985ರಲ್ಲಿ ಭೌತವಿಜ್ಞಾನ ಬೋಧನಾ ಕೇಂದ್ರ, 1988ರಲ್ಲಿ ಸಾರ್ವಜನಿಕ ನೀತಿಯ ಅಧ್ಯಯನಕ್ಕೆಂದು ಪ್ರತ್ಯೇಕ ಶಾಲೆ ಬಂದವು. 1991ರಲ್ಲಿ 50 ಕೋಟಿ ಡಾಲರ್ ಸಂಗ್ರಹದ ಗುರಿಯ ಅಭಿಯಾನ ಆರಂಭವಾಯಿತು.

ನನ್ನ ಮಟ್ಟಿಗೆ ಈ ಕಟ್ಟಡಗಳಿಗಿಂತ ಹೆಚ್ಚು ಬಾಳಿಕೆಯ ಕೆಲಸ 1982ರ ಒಂದು ವರದಿಯದು. ಇತಿಹಾಸಕಾರ ಕೀತ್ ಬೇಕರ್ ಅವರ ಅಧ್ಯಕ್ಷತೆಯ ಆಯೋಗವೊಂದು ಡಾಕ್ಟರೇಟ್ ಶಿಕ್ಷಣವನ್ನು ಬುಡದಿಂದ ಪರಿಶೀಲಿಸಿತು. ಕೆಲಸ ಸಿಗದ ಕಾಲದಲ್ಲಿ ಸಂಶೋಧನಾ ವಿದ್ಯಾರ್ಥಿಗಳನ್ನು ವರ್ಷಗಟ್ಟಲೆ ತರಗತಿಗಳಲ್ಲಿ ಕೂರಿಸಿ, ಪ್ರಬಂಧದ ಹಂತಕ್ಕೆ ಬಂದ ಕೂಡಲೇ ಒಂಟಿಯಾಗಿ ಕೈಬಿಡುವ ಪದ್ಧತಿಯನ್ನು ಅದು ಪ್ರಶ್ನಿಸಿತು. ಅದರ ಫಲವಾಗಿ ಹುಟ್ಟಿಕೊಂಡದ್ದು ‘ವರ್ಕ್‌ಶಾಪ್’ಗಳೆಂಬ ಏರ್ಪಾಡು. ಬೇರೆ ಬೇರೆ ವಿಭಾಗಗಳ ಅಧ್ಯಾಪಕರು ಮತ್ತು ಸಂಶೋಧನಾ ವಿದ್ಯಾರ್ಥಿಗಳು ಒಂದು ಸಮಾನ ಆಸಕ್ತಿಯ ಸುತ್ತ ನಿಯತವಾಗಿ ಸೇರುತ್ತಾರೆ, ಬರೆಯುತ್ತಿರುವ ಅಧ್ಯಾಯವನ್ನು ಮೊದಲೇ ಎಲ್ಲರಿಗೂ ಹಂಚುತ್ತಾರೆ, ಸಭೆಯಲ್ಲಿ ಅದನ್ನು ಓದುವುದಿಲ್ಲ, ನೇರವಾಗಿ ಅದರ ಮೇಲೆ ಬೀಳುತ್ತಾರೆ. ಈ ಏರ್ಪಾಡು ಇಂದಿಗೂ ನಡೆದುಕೊಂಡು ಬಂದಿದೆ. ನಮ್ಮಲ್ಲಿ ಮಾರ್ಗದರ್ಶಕರೊಬ್ಬರ ಮರ್ಜಿಗೆ ಕಾಯುತ್ತ ಕೂರುವ ಸಂಶೋಧನಾ ವಿದ್ಯಾರ್ಥಿಗಳನ್ನು ಕಂಡಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಇನ್ನು ವಿವಾದಗಳು. ಅಧಿಕಾರಕ್ಕೆ ಬಂದ ಮೊದಲ ವರ್ಷವೇ, 1979ರ ಮೇ ತಿಂಗಳಿನಲ್ಲಿ, ಅಂತರರಾಷ್ಟ್ರೀಯ ಸೌಹಾರ್ದಕ್ಕೆ ದುಡಿದವರಿಗೆಂದು ವಿಶ್ವವಿದ್ಯಾಲಯ ಕೊಡುವ ಪ್ರಶಸ್ತಿಯೊಂದು ರಾಬರ್ಟ್ ಮೆಕ್‌ನಮಾರ ಅವರಿಗೆ ಸಂದಿತು. ಅವರು ಆಗ ವಿಶ್ವ ಬ್ಯಾಂಕಿನ ಅಧ್ಯಕ್ಷರು. ಅದಕ್ಕೆ ಮೊದಲು ವಿಯೆಟ್ನಾಂ ಯುದ್ಧದ ಕಾಲದ ರಕ್ಷಣಾ ಕಾರ್ಯದರ್ಶಿ. ಆವರಣದಲ್ಲಿ ದೊಡ್ಡ ಪ್ರತಿಭಟನೆ ನಡೆಯಿತು. ಆದರೆ ಹೆಚ್ಚು ಕಾಲ ಕಾಡಿದ ಪ್ರಶ್ನೆ ದಕ್ಷಿಣ ಆಫ್ರಿಕದ್ದು. ವರ್ಣಭೇದ ನೀತಿಯ ಆ ದೇಶದಲ್ಲಿ ವ್ಯವಹಾರ ನಡೆಸುವ ಕಂಪನಿಗಳ ಶೇರುಗಳನ್ನು ದತ್ತಿನಿಧಿಯಿಂದ ಮಾರಿಬಿಡಬೇಕೆಂದು ಎಂಬತ್ತರ ದಶಕದ ವಿದ್ಯಾರ್ಥಿಗಳು ಒತ್ತಾಯಿಸಿದರು. 1985ರಲ್ಲಿ ಕೊಲಂಬಿಯ, 1986ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯಗಳು ಒಪ್ಪಿದವು. ಷಿಕಾಗೊ ಒಪ್ಪಲಿಲ್ಲ. ಗ್ರೇ ಆಧಾರವಾಗಿ ಹಿಡಿದದ್ದು 1967ರ ಕ್ಯಾಲ್ವಿನ್ ವರದಿಯನ್ನು. ಕಾನೂನು ಪ್ರಾಧ್ಯಾಪಕ ಹ್ಯಾರಿ ಕ್ಯಾಲ್ವಿನ್ ನೇತೃತ್ವದಲ್ಲಿ ಸಿದ್ಧವಾದ, ಕೆಲವೇ ಪುಟಗಳ ಆ ವರದಿ ಹೇಳುವುದಿಷ್ಟು: ಟೀಕಿಸುವವರು ವಿಶ್ವವಿದ್ಯಾಲಯದೊಳಗಿನ ವ್ಯಕ್ತಿಗಳು, ವಿಶ್ವವಿದ್ಯಾಲಯ ಅವರಿಗೆ ನೆಲೆ ಕೊಡುತ್ತದೆ, ತಾನೇ ಟೀಕಾಕಾರನಾಗುವುದಿಲ್ಲ. ಸಂಸ್ಥೆ ಒಂದು ಅಭಿಪ್ರಾಯವನ್ನು ತನ್ನದೆಂದು ಸಾರಿದರೆ ಅದನ್ನು ಒಪ್ಪದ ಅಧ್ಯಾಪಕನ ಸ್ವಾತಂತ್ರ್ಯ ಅಷ್ಟರಮಟ್ಟಿಗೆ ಕುಗ್ಗುತ್ತದೆ. ಆ ಸಮಿತಿಯಲ್ಲಿ ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ ಇದ್ದರು, ಕಪ್ಪು ಜನರ ಇತಿಹಾಸವನ್ನು ಬರೆದ ಹಿರಿಯ ವಿದ್ವಾಂಸ ಜಾನ್ ಹೋಪ್ ಫ್ರಾಂಕ್ಲಿನ್ ಕೂಡ ಇದ್ದರು.

ಈ ತತ್ತ್ವವನ್ನು ನಾನು ಗೌರವಿಸುತ್ತೇನೆ. 1933ರ ಜರ್ಮನಿಯನ್ನು ಕಂಡ ಕುಟುಂಬದವರು ಅದನ್ನು ಹಿಡಿದುಕೊಂಡದ್ದು ನನಗೆ ಅರ್ಥವಾಗುತ್ತದೆ. ಆದರೆ ದಕ್ಷಿಣ ಆಫ್ರಿಕದ ವಿಷಯದಲ್ಲಿ ಅದು ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಮಾತನಾಡದೆ ಇರುವುದು ಒಂದು ಬಗೆಯ ತಾಟಸ್ಥ್ಯ ಎಂದುಕೊಳ್ಳೋಣ. ಶೇರು ಇಟ್ಟುಕೊಂಡು ಅದರ ಲಾಭ ಪಡೆಯುವುದನ್ನೂ ಅದೇ ಹೆಸರಿನಿಂದ ಕರೆಯಬಹುದೇ? ವಿಶ್ವವಿದ್ಯಾಲಯ ಹೂಡಿಕೆದಾರನಾದಾಗ ಅದು ಆಗಲೇ ಸಂತೆಯಲ್ಲಿ ನಿಂತಿರುತ್ತದೆ. ವರದಿಯಲ್ಲಿಯೇ ಅಸಾಧಾರಣ ಸಂದರ್ಭಗಳಿಗೆ ಒಂದು ಕಿಂಡಿ ಬಿಟ್ಟಿದ್ದಾರೆ. ವರ್ಣಭೇದ ನೀತಿ ಆ ಕಿಂಡಿಯಿಂದ ಹಾದುಹೋಗುವಷ್ಟು ಅಸಾಧಾರಣವಾಗಿತ್ತೆಂದು ನನ್ನ ಅಭಿಪ್ರಾಯ. ಅಷ್ಟಿರಲಿಲ್ಲವೆಂದು ಗ್ರೇ ಅವರದು. ಅದೇ ತತ್ತ್ವದ ಇನ್ನೊಂದು ಮುಖವನ್ನೂ ನ್ಯಾಯವಾಗಿ ಹೇಳಬೇಕು. ಶಿಕ್ಷಣ ಇರುವುದು ಜನರನ್ನು ಹಾಯಾಗಿಡಲು ಅಲ್ಲ, ಅವರನ್ನು ಯೋಚಿಸುವಂತೆ ಮಾಡಲು ಎಂದು ಅವರು ಹೇಳಿದ ಮಾತನ್ನು, ಅವರು ಅಧಿಕಾರ ಬಿಟ್ಟು ಇಪ್ಪತ್ತಕ್ಕೂ ಹೆಚ್ಚು ವರ್ಷಗಳಾದ ಮೇಲೆ, ವಾಕ್ ಸ್ವಾತಂತ್ರ್ಯದ ಬಗ್ಗೆ ಷಿಕಾಗೊ ಹೊರಡಿಸಿದ ಹೇಳಿಕೆ ಎತ್ತಿಕೊಂಡಿತು. ಅಮೆರಿಕದ ಹಲವಾರು ವಿಶ್ವವಿದ್ಯಾಲಯಗಳು ಆ ಹೇಳಿಕೆಯನ್ನು ತಮ್ಮದಾಗಿಸಿಕೊಂಡಿವೆ.

ಅವರ ಕಾಲದ ತೀರ್ಮಾನಗಳಲ್ಲಿ ನನಗೆ ಅತ್ಯಂತ ಕಷ್ಟವೆನಿಸುವುದು ಆಸ್ಪತ್ರೆಯದು. ವಿಶ್ವವಿದ್ಯಾಲಯ ಇರುವುದು ನಗರದ ದಕ್ಷಿಣ ಭಾಗದಲ್ಲಿ. ಸುತ್ತಲಿನ ಬಡಾವಣೆಗಳಲ್ಲಿ ಬಹುಪಾಲು ಬಡ ಕಪ್ಪು ಕುಟುಂಬಗಳು. 1983ರಲ್ಲಿ ಹೊಸ ಮಿಚೆಲ್ ಆಸ್ಪತ್ರೆ ತೆರೆಯಿತು, 1986ರಲ್ಲಿ ಆಸ್ಪತ್ರೆಗಳನ್ನು ಪ್ರತ್ಯೇಕ ಸಂಸ್ಥೆಯಾಗಿ ಮಾಡಿದರು, ಅದರಿಂದ ವಿಶ್ವವಿದ್ಯಾಲಯದ ಬೊಕ್ಕಸಕ್ಕೆ ವೈದ್ಯಕೀಯದ ನಷ್ಟ ತಟ್ಟುವ ಅಪಾಯ ಕಡಿಮೆಯಾಯಿತು. 1988ರಲ್ಲಿ ಗುಂಡೇಟು, ಅಪಘಾತಗಳ ವಯಸ್ಕ ಗಾಯಾಳುಗಳಿಗೆಂದು ಇದ್ದ ಟ್ರಾಮಾ ಕೇಂದ್ರವನ್ನು ಆಸ್ಪತ್ರೆ ಮುಚ್ಚಿತು. ಅಲ್ಲಿಗೆ ಬರುವವರಲ್ಲಿ ವಿಮೆ ಇಲ್ಲದವರೇ ಬಹಳ, ನಷ್ಟ ತಡೆಯಲಾಗದಷ್ಟು ಎನ್ನುವುದು ಲೆಕ್ಕದ ಮಾತು. ಲೆಕ್ಕ ತಪ್ಪಿರಲಿಲ್ಲ. ಆದರೆ ಆಮೇಲಿನ ಮೂವತ್ತು ವರ್ಷ ಆ ಬಡಾವಣೆಗಳ ಗಾಯಾಳುಗಳನ್ನು ಹೊತ್ತ ಆಂಬುಲೆನ್ಸ್‌ಗಳು ದೊಡ್ಡದೊಂದು ಬೋಧನಾ ಆಸ್ಪತ್ರೆಯ ಮುಂದೆಯೇ ಹಾದು ದೂರದ ಆಸ್ಪತ್ರೆಗಳಿಗೆ ಓಡಿದವು. ಅಲ್ಲಿನ ಯುವಜನರು ವರ್ಷಗಟ್ಟಲೆ ಹೋರಾಡಿದ ಮೇಲೆ, 2018ರಲ್ಲಿ, ಆ ಕೇಂದ್ರ ಮತ್ತೆ ತೆರೆಯಿತು. ಬೇಡವೆನ್ನುವ ಹೊಣೆಯನ್ನು ಮೆಚ್ಚಿ ಮಾತನಾಡುತ್ತಿರುವ ನಾನು ಈ ಬೇಡವನ್ನೂ ಅದೇ ಪಟ್ಟಿಯಲ್ಲಿ ಸೇರಿಸಲೇಬೇಕು.

ಮಹಿಳೆಯರಿಗೆ ಅವರು ಏನು ಮಾಡಿದರು ಎಂಬ ಪ್ರಶ್ನೆ ಸಹಜವಾದದ್ದು. ಗ್ರೇ ಯಾವ ಚಳವಳಿಯ ವಕ್ತಾರರಾಗಿಯೂ ನಿಲ್ಲಲಿಲ್ಲ, ತಮ್ಮನ್ನು ಸಂಕೇತವಾಗಿ ಬಳಸಿಕೊಳ್ಳಲು ಬಿಡಲಿಲ್ಲ. ನೇಮಕಕ್ಕೆ ವಿದ್ವತ್ತೇ ಅಳತೆಗೋಲು ಎಂಬ ನಂಬಿಕೆ ಅವರದು. ಆ ಅಳತೆಗೋಲನ್ನು ಹಿಡಿದ ಕೈಗಳು ಬಹುಕಾಲ ಗಂಡಸರವೇ ಆಗಿದ್ದವು ಎಂಬ ಆಕ್ಷೇಪವೂ ಸರಿಯೇ. ಆದರೆ ಒಂದು ಸಂಗತಿ ಗಮನಿಸಬೇಕು: ಹದಿನೈದು ವರ್ಷ ಕೊರತೆ ಬಜೆಟ್ಟು, ಮುಚ್ಚಿದ ವಿಭಾಗ, ಪ್ರತಿಭಟನೆಗಳ ನಡುವೆ ನಡೆದ ಟೀಕೆಯೆಲ್ಲ ಅವರ ತೀರ್ಮಾನಗಳ ಮೇಲೆ ನಡೆಯಿತು. ಹೆಂಗಸಿನ ಕೈಯಲ್ಲಿ ಆದೀತೇ ಎಂಬ 1978ರ ಪಿಸುಮಾತು ಅಷ್ಟರಲ್ಲಿ ಎಲ್ಲಿ ಕಳೆದುಹೋಯಿತೋ ತಿಳಿಯದು.

ಆ ಹದಿನೈದು ವರ್ಷಗಳ ಆವರಣ ನಮಗೆ ಅಪರಿಚಿತವೂ ಅಲ್ಲ. 1983ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅಲ್ಲಿದ್ದರು. ಮೈಸೂರಿನಲ್ಲಿ ಹುಟ್ಟಿ ಬೆಳೆದ ಎ.ಕೆ. ರಾಮಾನುಜನ್ ಅಲ್ಲಿಯೇ ಕನ್ನಡ, ತಮಿಳುಗಳನ್ನು ಪಾಠ ಹೇಳುತ್ತ, ಅನುವಾದಿಸುತ್ತ, ಗ್ರೇ ಅವರ ಅವಧಿಯುದ್ದಕ್ಕೂ ಇದ್ದರು. ಭೂಗೋಳ ವಿಭಾಗವನ್ನೇ ಇಳಿಸಬೇಕಾಗಿ ಬಂದ ಇಕ್ಕಟ್ಟಿನ ಕಾಲದಲ್ಲಿ ದಕ್ಷಿಣ ಏಷ್ಯದ ಭಾಷೆಗಳ ವಿಭಾಗ ಉಳಿದುಕೊಂಡಿತು ಎನ್ನುವುದನ್ನು ಕನ್ನಡಿಗನಾಗಿ ನಾನು ಗಮನಿಸದೆ ಇರಲಾರೆ. ಗ್ರೇ ಅಧಿಕಾರದಿಂದ ಇಳಿದದ್ದು 1993ರ ಬೇಸಿಗೆಯಲ್ಲಿ. ಅದೇ ಜುಲೈ ತಿಂಗಳ 13ರಂದು ರಾಮಾನುಜನ್ ತೀರಿಕೊಂಡರು.

1986ರಲ್ಲಿ, ಸ್ವಾತಂತ್ರ್ಯ ದೇವತೆಯ ಪ್ರತಿಮೆಗೆ ನೂರು ತುಂಬಿದಾಗ, ಹೊರದೇಶಗಳಿಂದ ಬಂದು ಪೌರತ್ವ ಪಡೆದ ಹನ್ನೆರಡು ಮಂದಿಗೆ ಪದಕ ಕೊಟ್ಟರು. ಅವರಲ್ಲಿ ಗ್ರೇ ಒಬ್ಬರು. 1991ರಲ್ಲಿ ಅಧ್ಯಕ್ಷೀಯ ಸ್ವಾತಂತ್ರ್ಯ ಪದಕವೂ ಬಂದಿತು. ಅಧಿಕಾರ ಬಿಟ್ಟ ಮೇಲೆ ಅವರು ಬೇರೆ ದೊಡ್ಡ ಹುದ್ದೆ ಅರಸಿಕೊಂಡು ಹೋಗದೆ ಇತಿಹಾಸ ವಿಭಾಗಕ್ಕೇ ಮರಳಿ, 2000ದವರೆಗೆ ಪುನರುಜ್ಜೀವನ ಕಾಲದ ಪಾಠ ಹೇಳಿದರು. 1997ರಿಂದ 2005ರವರೆಗೆ ಹಾರ್ವರ್ಡಿನ ಅತ್ಯುನ್ನತ ಆಡಳಿತ ಮಂಡಳಿಯಲ್ಲಿ ಸದಸ್ಯರಾಗಿದ್ದರು. ತಾವು ಓದುವಾಗ ಗ್ರಂಥಾಲಯವೊಂದರ ಬಾಗಿಲನ್ನೇ ಹೆಣ್ಣುಮಕ್ಕಳಿಗೆ ಮುಚ್ಚಿದ್ದ ವಿಶ್ವವಿದ್ಯಾಲಯ ಅದು. ಆ ಮಂಡಳಿಯಲ್ಲಿ ಮಾತ್ರ ಗ್ರೇ ಮೊದಲ ಮಹಿಳೆಯಲ್ಲ. ಅವರಿಗಿಂತ ಎಂಟು ವರ್ಷ ಮುಂಚೆ, 1989ರಲ್ಲಿಯೇ, ಇನ್ನೊಬ್ಬರು ಬಂದು ಕುಳಿತಿದ್ದರು.